ಮೇಲಿನ ಟ್ಯಾಂಕು, ಕೆಳಗಿನ ಟ್ಯಾಂಕು

ಮೇ ತಿಂಗಳ ಒಂದು ಮಧ್ಯಾಹ್ನ ಸುಜಾತಾ ನನ್ನ ಫೋನಿಗೆ ಒಂದು ಫೋಟೋ ಕಳಿಸಿದಳು. ಮೊಸರಿನ ಖಾಲಿ ಡಬ್ಬಿಯಲ್ಲಿ ನಾಲ್ಕೆಲೆಯ ಒಂದು ಸಸಿ, ಅದರ ಪಕ್ಕದಲ್ಲಿ ನೆಟ್ಟ ಐಸ್‌ಕ್ರೀಮ್ ಕಡ್ಡಿ, ಕಡ್ಡಿಯ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಮರಾಠಿ ಅಕ್ಷರ. "ಆಂಟಿ, ಡ್ಯಾಡ್ ಇಟ್ಟುಹೋದ ಬೀಜಗಳನ್ನೆಲ್ಲ ಬಿತ್ತಿದೆ. ಈ ಕಡ್ಡಿ ಬೀಜದ ಪೊಟ್ಟಣದೊಳಗೇ ಇತ್ತು. ನನಗೆ ಓದಲು ಬರುವುದಿಲ್ಲ. ಇದು ಯಾವ ಗಿಡ?" ಎಂದು ಇಂಗ್ಲಿಷಿನಲ್ಲಿ ಕೇಳಿದ್ದಳು.

ಕಡ್ಡಿಯ ಮೇಲೆ ಇದ್ದದ್ದು ಗಿಡದ ಹೆಸರಲ್ಲ. 'ಸುವರ್ಣಾಚಿ ಆಯಿ' ಎಂದಿತ್ತು. ಸುವರ್ಣಾಳ ಅವ್ವ. ಆ ಸುವರ್ಣಾ ಎಂದರೆ ನಾನೇ. ನಮ್ಮವ್ವ ಹೋಗಿ ನಾಲ್ಕೈದು ವರ್ಷವಾಯಿತು, ಕಡ್ಡಿ ಬರೆದ ಮಾನೆ ಕಾಕಾ, ಅಂದರೆ ಸುಜಾತಾಳ ಅಪ್ಪ, ಹೋಗಿ ಐದು ತಿಂಗಳು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ನಾನು ಲಂಡನ್ನಿನ ಎಜ್‌ವೇರಿನ ಫ್ಲ್ಯಾಟಿನ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತ ನಿಂತಿದ್ದೆ. ಹಾಲು ಉಕ್ಕಿ ಒಲೆಯ ತುಂಬ ಹರಿದರೂ ನನಗೆ ಖಬರಿಲ್ಲ. ನಮ್ಮವರು ಬಂದು ಒಲೆ ಆರಿಸಿ, "ಏನಾತು? ಯಾರ ಫೋನು?" ಎಂದರು. ನಾನು ಫೋಟೋ ತೋರಿಸಿದೆ. ಅವರೂ ಓದಿದರು, ಒಲೆ ಒರೆಸತೊಡಗಿದರು.

ಶನಿವಾರ ಗ್ರೀನ್‌ಫರ್ಡಿಗೆ ಹೋದೆ. ಹದಿನೆಂಟು ವರ್ಷ ಬಾಳಿದ ಊರು. ಮಗಳ ಮನೆ ಹತ್ತಿರವಾಗಲೆಂದು ಎಜ್‌ವೇರಿಗೆ ಬಂದ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಗೋದಾಮುಗಳ ಸಾಲು ದಾಟಿ, ರೈಲುಹಳಿಯ ಬದಿಯ ಓಣಿ ಹಿಡಿದು, ಅಲಾಟ್‌ಮೆಂಟಿನ ಕಬ್ಬಿಣದ ಗೇಟು ತಳ್ಳಿದೆ. ಕಾಯಿಪಲ್ಲೆ ಬೆಳೆಯಲೆಂದು ಕೌನ್ಸಿಲ್ಲಿನವರು, ಅಂದರೆ ಇಲ್ಲಿಯ ನಗರಸಭೆಯವರು, ಬಾಡಿಗೆಗೆ ಕೊಡುವ ಸಣ್ಣ ಸಣ್ಣ ತುಂಡು ಹೊಲಗಳವು. ಒಳಗೆ ನಾಲ್ಕು ಹೆಜ್ಜೆ ಇಟ್ಟದ್ದೇ ಆ ವಾಸನೆ ಬಂತು. ಬಿಸಿಲಿಗೆ ಕಾದ ಪ್ಲಾಸ್ಟಿಕ್ ಟ್ಯಾಂಕು, ಅದರೊಳಗಿನ ಹಳೇ ನೀರು, ಪಾಚಿ, ರಬ್ಬರ್ ಪೈಪು ಎಲ್ಲ ಕೂಡಿದ ವಾಸನೆ. ಯಾರಿಗಾದರೂ ಮೂಗು ಮುಚ್ಚಿಕೊಳ್ಳಬೇಕೆನಿಸುವಂಥದ್ದು. ನನಗೆ ಮಾತ್ರ ಆ ಬೇಸಿಗೆ ಇದ್ದಕ್ಕಿದ್ದಂತೆ ಎದುರಿಗೆ ಬಂದು ನಿಂತಿತು.

ಲಂಡನ್ನಿನಲ್ಲಿ ನಲವತ್ತು ಡಿಗ್ರಿ ಬಿಸಿಲು ಬಿತ್ತಲ್ಲ, ಆ ವರ್ಷದ ಬೇಸಿಗೆ ಅದು.

ಅದಕ್ಕೂ ಮೊದಲು ನಮ್ಮ ಅಲಾಟ್‌ಮೆಂಟಿನ ನೀರಿನ ವ್ಯವಸ್ಥೆ ಹೇಳಿಬಿಡುತ್ತೇನೆ, ಜಗಳವೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಜಾಗ ಇಳಿಜಾರು. ಮೇಲೆ ಹತ್ತು ಪ್ಲಾಟು, ಕೆಳಗೆ ಹತ್ತು. ಮೇಲೊಂದು ಟ್ಯಾಂಕು, ಕೆಳಗೊಂದು. ನಲ್ಲಿಯ ನೀರು ಬರುವುದು ಮೇಲಿನ ಟ್ಯಾಂಕಿಗೆ ಮಾತ್ರ. ಅದರ ತಳದಿಂದ ಒಂದು ಪೈಪು ನೆಲದೊಳಗೇ ಇಳಿದು ಕೆಳಗಿನ ಟ್ಯಾಂಕಿಗೆ ಬರುತ್ತದೆ, ನಡುವೆ ಒಂದು ವಾಲ್ವು. ಆ ವಾಲ್ವು ಇದ್ದದ್ದು ಮಾನೆ ಕಾಕಾರ ಪ್ಲಾಟಿನ ಅಂಚಿಗೆ. ನನ್ನ ಪ್ಲಾಟು ಕೆಳಗಿನ ಸಾಲಿನ ಕೊನೆಯದು.

ದೇವರ ಆಟ ನೋಡಿ. ಕಾಕಾ ಸೋಲಾಪುರದ ಕಡೆಯವರು, ಭೀಮೆಯ ಮೇಲ್ದಂಡೆ. ನಾನು ಇಂಡಿ ತಾಲ್ಲೂಕಿನವಳು, ಅದೇ ಭೀಮೆ ಕರ್ನಾಟಕಕ್ಕೆ ಇಳಿಯುವಲ್ಲಿನ ಊರು. ಅಲ್ಲಿಯೂ ಅವರು ಮೇಲೆ, ನಾವು ಕೆಳಗೆ. ಐದು ಸಾವಿರ ಮೈಲಿ ದಾಟಿ ಬಂದು ಗ್ರೀನ್‌ಫರ್ಡಿನಲ್ಲಿ ಕೂತರೂ ಅವರು ಮೇಲೆ, ನಾವು ಕೆಳಗೆ. ಕಾಕಾ ಮನೆಯಲ್ಲಿ ಮರಾಠಿ ಆಡಿದರೂ ಗಡಿಯವರಾದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಮೊದಲ ದಿನ ನಾನು ಫೋನಿನಲ್ಲಿ ತಮ್ಮನೊಂದಿಗೆ ಮಾತಾಡುವುದನ್ನು ಕೇಳಿ ಮೇಲಿನಿಂದಲೇ, "ಯಾವ ಊರ ತಂಗಿ ನಿಂದು?" ಎಂದು ಕೂಗಿದ್ದರು. ನನಗಿಂತ ಇಪ್ಪತ್ತು ವರ್ಷ ಹಿರಿಯರು, ಬಸ್ ಓಡಿಸಿ ನಿವೃತ್ತರಾದವರು.

ನಮ್ಮಪ್ಪ ನೀರಾವರಿ ಇಲಾಖೆಯಲ್ಲಿ ಗೇಜ್ ಓದುತ್ತಿದ್ದ. ಹೊಳೆಯ ಸೇತುವೆಯ ಕಂಬಕ್ಕೆ ಕಪ್ಪು ಬಿಳುಪಿನ ಗೆರೆ ಬಳಿದಿರುತ್ತಿತ್ತು, ನೀರು ಎಷ್ಟನೇ ಗೆರೆಗೆ ಬಂತೆಂದು ದಿನಾ ಬೆಳಿಗ್ಗೆ ನೋಡಿ ಬರೆಯುವುದೇ ಅವನ ಕೆಲಸ. ಮೇಲಿನ ರಾಜ್ಯದಲ್ಲೂ ಅಂಥದ್ದೇ ಕೆಲಸದವನೊಬ್ಬನಿದ್ದ. ಅಣೆಕಟ್ಟಿನಿಂದ ನೀರು ಬಿಟ್ಟರೆ ಅವನು ಫೋನು ಮಾಡಿ, ತಂತಿಯೇ ಬೇಡವೆನ್ನುವಷ್ಟು ಗಟ್ಟಿಯಾಗಿ, "ಬಿಟ್ಟೀವ್ರೀ!" ಎಂದು ಕೂಗುತ್ತಿದ್ದ. ಎರಡು ಮೂರು ದಿನಕ್ಕೆ ನೀರು ಬಂದು ಕಂಬ ಮುಟ್ಟಿದ ಮೇಲೆ ಅಪ್ಪ ಫೋನು ಮಾಡಿ, "ಬಂದಾವ್ರೀ!" ಎನ್ನುತ್ತಿದ್ದ. ನಮ್ಮ ಕಡೆ ನೀರು ಎಂದೂ ಒಂಟಿಯಲ್ಲ, ಬರುವಾಗ ಬಹುವಚನದಲ್ಲೇ ಬರುತ್ತವೆ. ಎರಡು ಸರ್ಕಾರಗಳು ಕೋರ್ಟಿನಲ್ಲಿ ಬಡಿದಾಡುತ್ತಿದ್ದಾಗಲೂ ಅವರಿಬ್ಬರ ಫೋನು ನಿಂತಿರಲಿಲ್ಲ. ಊರವರು ಮೇಲಿನವರನ್ನು ಬೈದರೆ ಅಪ್ಪ ಒಂದೇ ಮಾತು ಹೇಳುತ್ತಿದ್ದ: "ಮ್ಯಾಲಿನವ್ರು ಬಿಟ್ಟೀವಿ ಅಂತಾರ, ಕೆಳಗಿನವ್ರು ಬಂದಿಲ್ಲ ಅಂತಾರ. ಬಾಯಿ ಕೇಳಬ್ಯಾಡ್ರಿ, ಕಂಬಾ ಕೇಳ್ರಿ."

ಇದನ್ನೆಲ್ಲ ನಾನೇ ಕಾಕಾರಿಗೆ ಹೇಳಿದ್ದೆ. ಅವರು ಬಿದ್ದು ಬಿದ್ದು ನಕ್ಕಿದ್ದರು. ಅಂದಿನಿಂದ ವಾಲ್ವು ತಿರುಗಿಸಿದಾಗಲೆಲ್ಲ ಮೇಲಿನಿಂದ, "ಬಂದಾವೇನ?" ಎಂದು ಕೂಗುವರು. ಪೈಪು ಗುಳುಗುಳು ಎನ್ನುತ್ತಲೇ ನಾನು ಕೆಳಗಿನಿಂದ, "ಬಂದಾವ್ರೀ!" ಎನ್ನುವೆ. ಅಕ್ಕಪಕ್ಕದ ಪ್ಲಾಟಿನವರು ಇದು ನಮ್ಮ ಧರ್ಮದ ಏನೋ ಪದ್ಧತಿ ಎಂದುಕೊಂಡು ಗೌರವದಿಂದ ಸುಮ್ಮನಿದ್ದರು.

ಆ ವರ್ಷ ಜನವರಿಯಲ್ಲಿ ಅವ್ವ ತೀರಿಕೊಂಡಳು. ನಾನು ಹೋಗಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬರುವಾಗ ತಮ್ಮ ಒಂದು ಗಂಟು ಕೈಗಿಟ್ಟ. ಹಸಿರು ಖಣ, ಅದೇ ರವಿಕೆಗೆಂದು ಕೊಡುತ್ತಾರಲ್ಲ, ಕೆಂಪಂಚಿನದು, ಅದರ ಮೂಲೆಯಲ್ಲಿ ಮುಳಗಾಯಿ ಬೀಜ. ಹೊಳೆದಂಡೆಯ ನಮ್ಮ ಹಿತ್ತಲಿನ ಮುಳ್ಳುತೊಟ್ಟಿನ ಸಣ್ಣ ಬದನೆ, ಎಣ್ಣೆಗಾಯಿಗೆ ಅದೇ ಆಗಬೇಕು. ಅವ್ವ ವರ್ಷವರ್ಷವೂ ಒಂದು ಕಾಯಿ ಹಣ್ಣಾಗಲು ಬಿಟ್ಟು ಬೀಜ ತೆಗೆಯುತ್ತಿದ್ದಳು. "ನಾವು ಈಗ ಅಂಗಡಿ ಸಸಿ ಹಚ್ಚತೀವಿ ಅಕ್ಕಾ. ಇದs ಕಡೀ ಬೀಜ. ನೀ ಒಯ್ಯಿ," ಎಂದ ತಮ್ಮ. ಅಲ್ಲಿಗೆ ಆ ತಳಿ ಉಳಿಯುವುದಾದರೆ ನನ್ನ ಕೈಯಲ್ಲಿ ಉಳಿಯಬೇಕು, ಹೋಗುವುದಾದರೆ ನನ್ನ ಕೈಯಲ್ಲೇ ಹೋಗಬೇಕು. ಎಲ್ಲ ಬೀಜ ಬಿತ್ತಿದೆ. ಹಳೆಯವಿದ್ದವೋ ಏನೋ, ಬದುಕಿದ್ದು ನಾಲ್ಕೇ ಸಸಿ. ಅವನ್ನು ಕಾಕಾರಿಗೆ ತೋರಿಸಿ ಅವ್ವನ ಬೀಜದ ಕಥೆಯನ್ನೂ ಹೇಳಿದ್ದೆ.

ಚಳಿಗಾಲದಲ್ಲಿ ಪೈಪು ಹೆಪ್ಪುಗಟ್ಟುತ್ತವೆಂದು ಟ್ಯಾಂಕು ಖಾಲಿ ಮಾಡಿಡುತ್ತಾರೆ. ಏಪ್ರಿಲ್‌ನಲ್ಲಿ ಮತ್ತೆ ನೀರು ಬಿಡುತ್ತಾರೆ. ನಮ್ಮ ಊರಲ್ಲಿ ಹೊಳೆಗೆ ಹೊಸ ನೀರು ಬಂದಾಗ ಹೆಂಗಸರು ಹೋಗಿ ಗಂಗವ್ವನ ಉಡಿ ತುಂಬುವುದುಂಟು. ಮನೆಮಗಳಿಗೆ ತುಂಬಿದ ಹಾಗೆಯೇ ಖಣ, ಅಕ್ಕಿ, ಅಡಿಕೆ, ಅರಿಷಿಣ, ಕುಂಕುಮ, ಕಾಯಿ. ಅವ್ವ ಒಂದು ವರ್ಷವೂ ತಪ್ಪಿಸಿದವಳಲ್ಲ. ಅವಳಿಲ್ಲದ ಮೊದಲ ವರ್ಷ ನನಗೆ ಸುಮ್ಮನಿರಲಾಗಲಿಲ್ಲ. ನೀರು ಬಿಟ್ಟ ಮರುದಿನ ಬೆಳಿಗ್ಗೆ ಏಳಕ್ಕೇ ಹೋದೆ. ಯಾರಾದರೂ ಬರುತ್ತಾರೇನೋ ಎಂದು ನಮ್ಮವರು ಗೇಟು ಕಾಯುತ್ತ, "ಏ ಸುವರ್ಣಾ, ಇದು ಕೌನ್ಸಿಲ್ ನೀರು. ಇದಕ್ಕೂ ಉಡಿ ತುಂಬತೀಯಲ್ಲ, ಮುಂದ ಗೀಸರಿಗೂ ತುಂಬತೀಯೇನು?" ಎಂದು ಹಾಸ್ಯ ಮಾಡಿದರು.

"ಗಂಗವ್ವಗ ಕೌನ್ಸಿಲ್ ಯಾವುದು, ಹೊಳಿ ಯಾವುದು? ನೀವು ಸುಮ್ಮ ಗೇಟ ಕಾಯ್ರಿ," ಎಂದೆ.

ಬೀಜ ಕಟ್ಟಿ ಬಂದಿದ್ದ ಅದೇ ಖಣದ ಮೂಲೆಗೆ ಐದು ಕಾಳು ಅಕ್ಕಿ, ಒಂದು ಅಡಿಕೆ ಗಂಟು ಹಾಕಿ, ಅರಿಷಿಣ ಕುಂಕುಮ ಹಚ್ಚಿ, ಮೇಲಿನ ಟ್ಯಾಂಕಿಗೆ ಬಿಟ್ಟೆ. ನೀರು ಮೊದಲು ಬರುವ ಕಡೆಯೇ ತುಂಬಬೇಕಲ್ಲ. ತೆಂಗಿನಕಾಯಿ ಮಾತ್ರ ತೋರಿಸಿ ವಾಪಸ್ ತಂದೆ, ಈಸ್ಟ್ ಹ್ಯಾಮಿನಿಂದ ಹೊತ್ತು ತಂದ ಕಾಯಿ, ಚಟ್ನಿಗಾಯಿತು. ಖಣ ತೇಲಿ, ನೆಂದು, ಮೆಲ್ಲಗೆ ತಳಕ್ಕಿಳಿಯಿತು. ಅವ್ವನ ಕೆಲಸ ಅವ್ವನ ಹೆಸರಲ್ಲಿ ಮಾಡಿದೆನೆಂಬ ಸಮಾಧಾನದಿಂದ ಮನೆಗೆ ಬಂದು ಹೊಟ್ಟೆ ತುಂಬ ತಿಂದು ಮಲಗಿದೆ.

ಆಮೇಲೆ ಮಳೆಯೇ ಬರಲಿಲ್ಲ. ಲಂಡನ್ನಿನ ಮಳೆಯನ್ನು ಬೈಯುತ್ತಲೇ ಕಾಲ ಕಳೆದವರು ನಾವು. ಮೇ ಹೋಯಿತು, ಜೂನ್ ಹೋಯಿತು, ಆಕಾಶದಲ್ಲಿ ಮೋಡದ ಚೂರಿಲ್ಲ. ಹುಲ್ಲೆಲ್ಲ ಒಣಗಿದ ಜೋಳದ ಕಣಿಕೆಯ ಬಣ್ಣಕ್ಕೆ ತಿರುಗಿತು. ಇಲ್ಲಿಯ ಜಿಗುಟು ಮಣ್ಣು ನಮ್ಮ ಎರೆಭೂಮಿಯ ಹಾಗೆ ಬಿರಿದು, ಬಿರುಕಿನಲ್ಲಿ ನನ್ನ ಕೈ ಮಣಿಕಟ್ಟಿನವರೆಗೆ ಇಳಿಯುತ್ತಿತ್ತು. ನಲವತ್ತು ಡಿಗ್ರಿ ಆಗುತ್ತದೆಂದು ಟಿವಿಯವರು ಹೆದರಿಸಿದಾಗ, "ಬಿಜಾಪುರದವರಿಗೆ ಅದ್ಯಾವ ಬಿಸಿಲು ಬಿಡ್ರಿ," ಎಂದು ಜಂಬ ಕೊಚ್ಚಿದ್ದೆ. ಆ ದಿನ ಪಶ್ಚಿಮಕ್ಕೆ ಮುಖ ಮಾಡಿದ, ಫ್ಯಾನಿಲ್ಲದ ನಮ್ಮ ಮನೆಯಲ್ಲಿ ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಕೂತು ಜಂಬವೆಲ್ಲ ಬೆವರಾಗಿ ಇಳಿಯಿತು. ಬಿಸಿಲು ಅದೇ ಇರಬಹುದು, ಅದನ್ನು ತಡೆಯುವ ಮನೆ ಇಲ್ಲಿ ಯಾರೂ ಕಟ್ಟಿಲ್ಲ. ಥೇಮ್ಸ್ ಹುಟ್ಟುವ ಜಾಗವೇ ಬತ್ತಿದೆ ಎಂಬ ಸುದ್ದಿ ಬಂದಾಗ ನನಗೆ ಅಪ್ಪ ನೆನಪಾದ. ಅವನು ಕೊನೆಕೊನೆಗೆ ಹೊಳೆ ನೋಡಿ ಬಂದು, "ಬರಬೇಕಾದಾಗ ಬರೂದಿಲ್ಲ, ಬ್ಯಾಡಾದಾಗ ಊರs ಮುಳಗೂಹಂಗ ಬರತಾವ. ನಾ ಕಲತ ಹೊಳಿ ಇದಲ್ಲ," ಎನ್ನುತ್ತಿದ್ದ.

ಹೋಸ್‌ಪೈಪು ಹಿಡಿಯಬಾರದೆಂದು ಸರ್ಕಾರಿ ಆಜ್ಞೆ ಬರುವ ಮೊದಲೇ ನಮ್ಮ ಅಲಾಟ್‌ಮೆಂಟಿನ ಕಾರ್ಯದರ್ಶಿ ಬ್ರಯನ್ ಹೊಸ ನಿಯಮ ಬರೆದು ಗೇಟಿಗೆ ಅಂಟಿಸಿದ. ಬ್ರಯನ್ ಪೋಸ್ಟ್ ಆಫೀಸಿನಲ್ಲಿದ್ದು ನಿವೃತ್ತನಾದವ, ನಿಯಮ ಎಂದರೆ ಅವನಿಗೆ ಪಂಚಪ್ರಾಣ. ನಲ್ಲಿ ತೆಗೆಯುವುದು ವಾರಕ್ಕೆ ಎರಡೇ ದಿನ, ಮಂಗಳವಾರ ಮತ್ತು ಶನಿವಾರ. ಆ ದಿನ ಮೇಲಿನ ಟ್ಯಾಂಕು ತುಂಬಿದ ಮೇಲೆ ಮಾನೆ ವಾಲ್ವು ತೆಗೆದು ಕೆಳಗೆ ಬಿಡತಕ್ಕದ್ದು. ನಮ್ಮ ಕಡೆ ಇದಕ್ಕೆ ಪಾಳಿ ಎನ್ನುತ್ತೇವೆ. ಅವನು ಎರಡು ಪುಟ ಬರೆದಿದ್ದ.

ಜುಲೈ ಕೊನೆಯ ಮಂಗಳವಾರ. ಶಾಲೆಗೆ ರಜೆ ಇತ್ತು. ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದೆನಾದ್ದರಿಂದ ನನಗೂ ರಜೆ. ಬೆಳಿಗ್ಗೆಯೇ ಕೆಳಗಿನ ಟ್ಯಾಂಕಿನ ಹತ್ತಿರ ಕ್ಯಾನು ಹಿಡಿದು ನಿಂತೆ.

"ಬಂದಾವೇನ?" ಮೇಲಿನಿಂದ ಕಾಕಾ ಕೂಗಿದರು.

"ಇಲ್ರೀ!"

ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಈಗ ಬಂದಾವೇನ?"

"ಒಂದು ಹನಿನೂ ಇಲ್ರಿ ಕಾಕಾ!"

"ಪೂರಾ ತಿರಿವೀನಿ ತಂಗಿ. ಬರತಾವ ತಡಿ."

ಬರಲಿಲ್ಲ. ಶನಿವಾರವೂ ಬರಲಿಲ್ಲ. ಮುಂದಿನ ಮಂಗಳವಾರ ಸಣ್ಣಗೆ, ಮೂಗು ಸೋರಿದ ಹಾಗೆ ಒಂದಿಷ್ಟು ಬಂದು ನಿಂತಿತು. ಮೇಲೆ ಹತ್ತಿ ಹೋಗಿ ನೋಡಿದರೆ ಅವರ ಟ್ಯಾಂಕಿನಲ್ಲಿ ಮುಕ್ಕಾಲು ನೀರು! ಅವರ ಟೊಮೇಟೊ ನಗುತ್ತಿದ್ದವು. ನನ್ನ ಸಸಿಯಲ್ಲಿ ಒಂದು ಆಗಲೇ ಬಾಗಿ ಮಲಗಿತ್ತು. ಮನೆಯಿಂದ ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಕ್ಯಾನಿಗೆ ತುಂಬಿ ಬಸ್ಸಿನಲ್ಲಿ ಹೊತ್ತು ತಂದೆ. ಕ್ಯಾನು ಕಾಲಿಗೆ ಬಡಿದು ಮಂಡಿ ನೀಲಿಗಟ್ಟಿತು. ಎರಡನೆಯ ಸಸಿ ಹೋಯಿತು. ಮೂರನೆಯದು ಹೋದ ದಿನ ಪ್ಲಾಟಿನ ಬದುವಿನ ಮೇಲೆ ಕೂತು ಜೋರಾಗಿಯೇ ಅತ್ತೆ. ಅವ್ವ ಎರಡನೇ ಸಲ ಸತ್ತಳೆನಿಸಿತು. ಉಳಿದದ್ದು ಒಂದು, ಅದರ ಎಲೆಯಂಚೂ ಸುಟ್ಟಿತ್ತು.

ಭಾನುವಾರ ಶೆಡ್ಡಿನಲ್ಲಿ ಸಭೆ. ಎಲ್ಲರ ಕೈಯಲ್ಲೂ ಚಹಾ. ಬ್ರಯನ್ ನೀರಿನ ವಿಷಯ ಎತ್ತುವುದನ್ನೇ ಕಾಯುತ್ತಿದ್ದೆ. ಎದ್ದು ನಿಂತು ಇಂಗ್ಲಿಷಿನಲ್ಲಿ ಒದರಿಬಿಟ್ಟೆ: "ಇವರು ವಾಲ್ವು ತೆಗೆಯುತ್ತಲೇ ಇಲ್ಲ! ತೆಗೆದ ಹಾಗೆ ನಾಟಕ ಮಾಡುತ್ತಾರೆ. ಐವತ್ತು ವರ್ಷದಿಂದ ಇವರ ಮಂದಿ ನಮ್ಮ ಮಂದಿಗೆ ಮಾಡುತ್ತ ಬಂದದ್ದೇ ಇದು!"

ಬ್ರಯನ್ ಗಾಬರಿಯಾಗಿ ತನ್ನ ಪುಸ್ತಕ ತಿರುವಿ, "ಐವತ್ತು ವರ್ಷವೇ? ಮಿಸ್ಟರ್ ಮಾನೆ ಈ ಪ್ಲಾಟ್ ತೆಗೆದುಕೊಂಡು ಹನ್ನೊಂದು ವರ್ಷವಾಯಿತು ಅಷ್ಟೇ," ಎಂದ. ಯಾರೋ ಕಿಸಕ್ಕೆಂದರು. ನಮ್ಮವರು ನನ್ನ ಸೆರಗು ಜಗ್ಗಿದರು. ನಾನು ಕೂರಲಿಲ್ಲ.

ಕಾಕಾ ಕಪ್ಪು ಕೆಳಗಿಟ್ಟರು. ಬೇರೆಯವರಿಗೆ ತಿಳಿಯಬಾರದೆಂದೋ ಏನೋ, ಕನ್ನಡದಲ್ಲೇ ಹೇಳಿದರು.

"ನಮ್ಮೂರ ಎಲ್ಲಿ ಐತಿ ಗೊತ್ತೇನ ತಂಗಿ ನಿನಗ? ಭೀಮಾ ಹೊಳಿ ಆಣೆಕಟ್ಟಿನ ನೀರಾಗs ಐತಿ. ನಾ ಇಪ್ಪತ್ತ ವರ್ಷದ ಹುಡುಗ ಇದ್ದೆ. ಮನಿ ಹೋತು, ಸಾಲಿ ಹೋತು, ನಮ್ಮಜ್ಜನ ಗೋರಿ ಹೋತು. ನಿಮಗ ನೀರ ಬರಲಿಲ್ಲ ಅಂತ ನೀ ಅಳತಿ. ನಮಗ ನೀರ ಬಂದs ನಾವು ಊರ ಬಿಟ್ಟಿವಿ." ಚಹಾ ಅರ್ಧಕ್ಕೇ ಬಿಟ್ಟು ಹೊರಗೆ ಹೋದರು.

ಮನೆಗೆ ಬಂದು ನಮ್ಮವರು ಬಾಗಿಲ ಬೀಗ ತೆಗೆಯುತ್ತ, "ನಿಮ್ಮಪ್ಪ ಇದ್ದಿದ್ದರ ಏನಂತಿದ್ದ?" ಎಂದಷ್ಟೇ ಕೇಳಿದರು. ಅದು ನನಗೂ ಗೊತ್ತಿತ್ತು. ಕಂಬ ಕೇಳದೆ ಬಾಯಿ ಬಿಟ್ಟಿದ್ದೆ. ಆದರೂ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಊರು ಮುಳುಗಿದ್ದು ಖರೆ, ಟ್ಯಾಂಕಿನಲ್ಲಿ ಮುಕ್ಕಾಲು ನೀರಿದ್ದದ್ದೂ ಖರೆ.

ಮಂಗಳವಾರ ಹೋದಾಗ ಕಾಕಾ ನನ್ನ ಪ್ಲಾಟಿನ ಮುಂದೆಯೇ ನಿಂತಿದ್ದರು. ಕೈಯಲ್ಲಿ ಎರಡು ಬಿದಿರುಕೋಲು. ನನ್ನ ಮುಖ ನೋಡದೆ, "ನಿಮ್ಮಪ್ಪ ಗೇಜ್ ಓದತಿದ್ದ ಅಂದಿದ್ದಿ. ತಗೋ, ಓದು," ಎಂದರು. ಗೆರೆ ಹಾಕಲು ಬಣ್ಣವಿರಲಿಲ್ಲ. ನನ್ನ ಚೀಲದಲ್ಲಿ ಮಗಳ ಉಗುರುಬಣ್ಣದ ಶೀಶೆ ಇತ್ತು, ಗುಲಾಬಿ. ಇಬ್ಬರೂ ಕೂತು ಒಂದೊಂದು ಗೇಣಿಗೆ ದಪ್ಪ ಗೆರೆ, ನಡುವೆ ಬೆರಳಳತೆಗೆ ಸಣ್ಣ ಗೆರೆ ಎಳೆದೆವು. ಒಂದು ಕೋಲು ಮೇಲಿನ ಟ್ಯಾಂಕಿಗೆ, ಒಂದು ಕೆಳಗಿನದಕ್ಕೆ.

"ಮ್ಯಾಲಿಂದು ನೀ ಓದು," ಎಂದರು. "ಕೆಳಗಿಂದು ನಾ ಓದತೀನಿ. ಆಗ ಯಾರಿಗೂ ಯಾರ ಮ್ಯಾಲೂ ಸಂಶೆ ಇರೂದಿಲ್ಲ."

ಅವರೇ ವಾಲ್ವು ಪೂರ್ತಿ ತಿರುಗಿಸಿ, ನನಗೆ ಮುಟ್ಟಿ ನೋಡಲು ಹೇಳಿ, ಕೆಳಗಿಳಿದು ಹೋದರು. ನಾನು ಮೇಲೆ ಕೂತೆ. ಅರ್ಧ ತಾಸು, ಒಂದು ತಾಸು. ಮೇಲಿನ ಕೋಲಿನಲ್ಲಿ ನೀರು ಒಂದು ಬೆರಳೂ ಇಳಿಯಲಿಲ್ಲ. ಇದೇ ಮೊದಲ ಸಲ ಮೇಲೆ ನಿಂತು ನಾನು, "ಬಂದಾವೇನ್ರಿ?" ಎಂದು ಕೂಗಿದೆ. ಕೆಳಗಿನಿಂದ ಅವರು, "ಇಲ್ಲ!" ಎಂದರು. ವಾಲ್ವು ತೆರೆದಿದೆ, ಮೇಲೆ ನೀರಿದೆ, ಕೆಳಗೆ ಬರುತ್ತಿಲ್ಲ. ನಡುವೆ ಏನೋ ಸಿಕ್ಕಿಕೊಂಡಿದೆ ಎಂದು ಹೇಳಲು ಗೇಜ್ ಓದುವವನ ಮಗಳೇ ಬೇಕಿರಲಿಲ್ಲ.

ಕಾಕಾ ಮೇಲೆ ಬಂದು, ಅಂಗಿ ತೋಳು ಮಡಚಿ, ಕಳೆ ಕೀಳುವ ಉದ್ದ ಕೊಕ್ಕೆಯನ್ನು ಟ್ಯಾಂಕಿನ ತಳದ ಪೈಪಿನ ಬಾಯಿಗೆ ಹಾಕಿ ತಿರುವಿದರು. ಏನೋ ಸಿಕ್ಕಿತು. ಜಗ್ಗಿದರು. ಪಾಚಿ ಮೆತ್ತಿದ ಒಂದು ಬಟ್ಟೆಯ ಮುದ್ದೆ ಹೊರಗೆ ಬಂತು. ಅದೇ ಕ್ಷಣ ಪೈಪಿನೊಳಗೆ ಗುಳು ಗುಳು ಗುಳು ಎಂದು ನೀರು ಇಳಿಯುವ ಸದ್ದು.

ಕಾಕಾ ಮುದ್ದೆಯನ್ನು ಹಿಂಡಿ ಬಿಡಿಸಿದರು. ಹಸಿರು. ಕೆಂಪಂಚು. ಮೂಲೆಯ ಗಂಟಿನಲ್ಲಿ ಉಬ್ಬಿದ ಅಡಿಕೆ.

ಗ್ರೀನ್‌ಫರ್ಡಿನಲ್ಲಿ ಖಣದ ಮೂಲೆಗೆ ಅಡಿಕೆ ಕಟ್ಟಿ ಟ್ಯಾಂಕಿಗೆ ಬಿಡುವ ಹೆಂಗಸು ಇನ್ನಾರಿದ್ದಾರೆ? ನೀರು ತುಂಬಿದ್ದಾಗ ತಳದಲ್ಲಿ ತಣ್ಣಗೆ ಮಲಗಿದ್ದದ್ದು, ವಾರಕ್ಕೆರಡೇ ದಿನ ನೀರೆಂದಾದ ಮೇಲೆ ಮಟ್ಟ ಇಳಿದು, ಸೆಳೆತಕ್ಕೆ ಹೋಗಿ ಪೈಪಿನ ಬಾಯಿಗೆ ಬಿರಡೆ ಬಿದ್ದಿತ್ತು. ಅವ್ವನ ಸಸಿಗೆ ನೀರು ತಡೆದದ್ದು ಅವ್ವನ ಖಣ, ತಂದು ಹಾಕಿದವಳು ನಾನು, ಬೈಸಿಕೊಂಡವರು ಮಾನೆ ಕಾಕಾ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿರುಕೇನೋ ಬೇಕಾದಷ್ಟಿದ್ದವು.

ಅಷ್ಟರಲ್ಲಿ ಬ್ರಯನ್ ಓಡಿ ಬಂದ. "ಏನಿತ್ತು? ಏನು ಸಿಕ್ಕಿತ್ತು?"

ಕಾಕಾ ಒದ್ದೆ ಖಣವನ್ನು ಹಾಗೆಯೇ ಪ್ಯಾಂಟಿನ ಜೇಬಿಗೆ ತುರುಕಿದರು. ಜೇಬಿನಿಂದ ನೀರು ತೊಡೆಗುಂಟ ಇಳಿಯುತ್ತಿತ್ತು. "ಎಲೆ, ಬ್ರಯನ್. ಬರೀ ಎಲೆ," ಎಂದರು.

ಅವನು ಹೋದ ಮೇಲೆ ನಾನು ಅವರ ಕಾಲು ಮುಟ್ಟಲು ಬಾಗಿದೆ. ಅಳು ತಡೆಯಲಾಗಲಿಲ್ಲ. "ತಪ್ಪಾತ್ರಿ ಕಾಕಾ. ನಂದs ತಪ್ಪು. ನಾ ಹಂಗ ಅನಬಾರದಿತ್ತು."

"ಏ, ಏಳ ಏಳ." ಅವರ ಬಾಯಂಚಿನಲ್ಲಿ ನಗೆ ಬಂದಿತ್ತು. "ಗಂಗವ್ವಗ ಉಡಿ ತುಂಬೂದು ತಪ್ಪಲ್ಲ ತಂಗಿ. ಹೊಳ್ಯಾಗ ಬಿಟ್ಟರ ಆಕಿ ಸಮುದ್ರತನಕ ಒಯ್ತಾಳ. ಈ ನಾಕ ಬೆರಳಿನ ಪೈಪಿನ್ಯಾಗ ಪಾಪ ಎಲ್ಲಿ ಒಯ್ಬೇಕ?"

ನಗುತ್ತಲೇ ಅತ್ತೆ. ಕೆಳಗೆ ಟ್ಯಾಂಕಿಗೆ ನೀರು ಬೀಳುವುದು ಮೇಲಿನವರೆಗೂ ಕೇಳುತ್ತಿತ್ತು.

ಮುಂದಿನ ಭಾನುವಾರದ ಸಭೆಯಲ್ಲಿ ಕಾಕಾ ಎದ್ದು, ಮೇಲಿನ ಟ್ಯಾಂಕು ತೊಳೆಯುವುದು ಮೇಲಿನವರ ಕೆಲಸ, ತಾನೇ ಅಲಕ್ಷ್ಯ ಮಾಡಿದೆ, ಕೆಳಗಿನವರಿಗೆ ತೊಂದರೆಯಾಯಿತು, ಕ್ಷಮಿಸಿ ಎಂದರು. ನಾನು ಏಳಬೇಕಿತ್ತು. ಎದ್ದು, ಎಲೆಯಲ್ಲ, ನನ್ನ ಖಣ ಎನ್ನಬೇಕಿತ್ತು. ಹಿಂದಿನ ವಾರ ಅಷ್ಟು ಜೋರಾಗಿ ಒದರಿದ ಬಾಯಿ ಅವತ್ತು ಬಿಸ್ಕತ್ತು ತಿನ್ನುತ್ತ ಸುಮ್ಮನೆ ಕೂತಿತ್ತು. ಬ್ರಯನ್ ನಕ್ಕಾನೆಂಬ ನಾಚಿಕೆ, ಅಷ್ಟೇ. ಅದೊಂದು ಸಣ್ಣತನ ಇಂದಿಗೂ ನನ್ನನ್ನು ಚುಚ್ಚುತ್ತದೆ. ಅದೇ ಸಭೆಯಲ್ಲಿ ಬ್ರಯನ್, ಮೇಲಿನ ಕೋಲನ್ನು ಕೆಳಗಿನವರು, ಕೆಳಗಿನದನ್ನು ಮೇಲಿನವರು ಓದತಕ್ಕದ್ದು ಎಂದು ಹೊಸ ನಿಯಮ ಬರೆದುಕೊಂಡ. ಎರಡು ರಾಜ್ಯದವರಿಗೆ ಹೊಳೆಯದ ಬುದ್ಧಿ ಉಗುರುಬಣ್ಣದ ಶೀಶೆಯಲ್ಲಿತ್ತು ಎಂದು ನಮ್ಮವರು ಇಂದಿಗೂ ಕಾಡಿಸುತ್ತಾರೆ.

ಉಳಿದ ಒಂದು ಸಸಿ ಚಿಗುರಿತು. ಆಗಸ್ಟ್ ಕೊನೆಗೆ ಎರಡು ಹೂವು, ಒಂದು ಕಾಯಿ. ಒಂದೇ. ಆದರೆ ಬೀಜಕ್ಕೆ ಕಾಯಿ ಹಣ್ಣಾಗಿ ಹಳದಿಯಾಗಬೇಕು. ಅಷ್ಟರಲ್ಲಿ ಇಲ್ಲಿ ಚಳಿ ಬರುತ್ತದೆ. ಗಾಜಿನ ಮನೆ ಇದ್ದದ್ದು ಕಾಕಾರ ಹತ್ತಿರ ಮಾತ್ರ. ಯಾವ ಮುಖ ಇಟ್ಟುಕೊಂಡು ಕೇಳಲಿ ಎಂದು ಮೂರು ದಿನ ಒದ್ದಾಡಿದೆ. ನಾಲ್ಕನೆಯ ದಿನ ಅವರೇ ಗುದ್ದಲಿ ಹಿಡಿದು ಕೆಳಗೆ ಬಂದರು. "ಅವ್ವನ್ನ ಮ್ಯಾಲ ಕಳಸ. ಥಂಡಿ ಬೀಳಾಕತ್ತೇತಿ," ಎಂದರು. ಗಿಡವನ್ನು ಹೆಂಟೆಸಮೇತ ಎತ್ತಿ ಬಕೆಟಿನಲ್ಲಿಟ್ಟು, ಎಳೆಗೂಸನ್ನು ಒಯ್ಯುವ ಹಾಗೆ ಇಳಿಜಾರು ಹತ್ತಿದರು.

ಸೆಪ್ಟೆಂಬರಿನಲ್ಲಿ ಮಳೆ ಬಂತು. ನಾವಿಬ್ಬರೂ ಆ ಗಾಜಿನ ಮನೆಯಲ್ಲೇ ಇದ್ದೆವು. ಬಿರಿದ ಮಣ್ಣಿನ ವಾಸನೆ ಎದ್ದು, ಅದು ಥೇಟ್ ನಮ್ಮ ಊರಿನದೇ ವಾಸನೆಯಾಗಿ, ಇಬ್ಬರೂ ಉಸಿರೆಳೆದುಕೊಂಡು ನಿಂತೆವು. ಅಕ್ಟೋಬರಿನಲ್ಲಿ ಕಾಯಿ ಹಳದಿಯಾಯಿತು. ಬೆಂಚಿನ ಮೇಲೆ ಕೊಯ್ದು, ನೀರಲ್ಲಿ ತೊಳೆದು, ಪೇಪರಿನ ಮೇಲೆ ಬೀಜ ಹರವಿದೆವು. ಒಣಗಿದ ಮೇಲೆ ಕಾಕಾ ಬೆರಳಿನಿಂದ ನಡುವೆ ಗೆರೆ ಎಳೆದು, "ಅರ್ಧ ಮ್ಯಾಲಿನವರಿಗೆ, ಅರ್ಧ ಕೆಳಗಿನವರಿಗೆ. ಒಪ್ಪಂದ?" ಎಂದರು.

"ಒಪ್ಪಂದ ರೀ," ಎಂದೆ.

ಎಜ್‌ವೇರಿಗೆ ಬರುವಾಗ ನನ್ನ ಪಾಲು ಜೋಪಾನವಾಗಿಯೇ ತಂದಿದ್ದೆ. ಬಾಯ್ಲರ್ ಇರುವ ಕಪಾಟಿನಲ್ಲಿಟ್ಟೆ, ಬೆಚ್ಚಗಿರಲೆಂದು. ಕಾವಿಗೆ ಬೀಜವೆಲ್ಲ ಸತ್ತಿದ್ದವು, ಮರುವರ್ಷ ಒಂದೂ ಮೊಳೆಯಲಿಲ್ಲ. ಕಾಕಾರಿಗೆ ಹೇಳಲು ನಾಚಿಕೆ. ಅವರು ಫೋನು ಮಾಡಿ, "ಅವ್ವ ಹೆಂಗದಾಳ?" ಎಂದಾಗಲೆಲ್ಲ, "ಆರಾಮ ಅದಾಳ್ರಿ," ಎಂದು ಸುಳ್ಳು ಹೇಳುತ್ತಿದ್ದೆ. ಆಮೇಲೆ ಕಳೆದ ಡಿಸೆಂಬರಿನಲ್ಲಿ ಅವರೇ ಹೋದರು. ಅವರ ಪಾಲೂ ಅವರೊಂದಿಗೇ ಹೋಯಿತು, ತಳಿ ಮುಗಿಯಿತೆಂದುಕೊಂಡೆ, ಆ ಫೋಟೋ ಬರುವವರೆಗೆ.

ಈ ಶನಿವಾರ ಸುಜಾತಾ ಗಾಜಿನ ಮನೆಯಲ್ಲಿ ಕಾಯುತ್ತಿದ್ದಳು. ಮೊಸರಿನ ಡಬ್ಬಿಗಳಲ್ಲಿ ಹನ್ನೆರಡು ಸಸಿ. ನಾನು ಕಡ್ಡಿ ಓದಿ ಅರ್ಥ ಹೇಳಿದೆ. ಅವಳು ಕಣ್ಣೊರೆಸಿಕೊಂಡು, ಆರು ಡಬ್ಬಿ ನನ್ನ ಕಡೆ ಸರಿಸಿದಳು. ಒಪ್ಪಂದದ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ.

ಕೈ ತೊಳೆಯಲು ಮೇಲಿನ ಟ್ಯಾಂಕಿಗೆ ಹೋದೆ. ನಲ್ಲಿಯ ಕುತ್ತಿಗೆಗೆ ಏನೋ ಕಟ್ಟಿತ್ತು. ಬಿಸಿಲು ಮಳೆಗೆ ಬಣ್ಣ ಹೋಗಿ ಬೂದಿಯಾಗಿದ್ದರೂ ಅಂಚಿನಲ್ಲಿ ಒಂದೆಳೆ ಕೆಂಪು ಉಳಿದಿತ್ತು. ಟ್ಯಾಂಕಿನ ಒಳಗಲ್ಲ, ಹೊರಗೆ, ನೀರು ಬರುವ ಬಾಯಿಗೆ, ಬಸ್ ಡ್ರೈವರ್ ಹಾಕುವಂಥ ಗಟ್ಟಿ ಗಂಟಿನಲ್ಲಿ.

"ಅದನ್ನು ಬಿಚ್ಚಬೇಡಿ ಆಂಟಿ," ಸುಜಾತಾ ಇಂಗ್ಲಿಷಿನಲ್ಲಿ ಹೇಳಿದಳು. "ಅದು ಪ್ಲಂಬಿಂಗಿನ ಭಾಗ, ಅದಿಲ್ಲದಿದ್ದರೆ ಕೆಳಗೆ ನೀರು ಹೋಗುವುದಿಲ್ಲ ಅಂತ ಡ್ಯಾಡ್ ಹೇಳಿದ್ದರು. ನಿಜವಾಗಿ ಏನದು?"

"ನನ್ನದು," ಎಂದೆ. ಅಂದು ಸಭೆಯಲ್ಲಿ ಹೇಳಬೇಕಿದ್ದನ್ನೆಲ್ಲ ಅಲ್ಲೇ ನಿಂತು ಹೇಳಿದೆ. ಟೊಮೇಟೊಗೆ ಕಡ್ಡಿ ಕಟ್ಟುತ್ತಿದ್ದ ಬ್ರಯನ್ ಹತ್ತಿರ ಬಂದ, ಅವನಿಗೂ ಕೇಳುವಂತೆ ಹೇಳಿದೆ. ಎಲೆಯಲ್ಲ ಬ್ರಯನ್, ಎಲೆ ಆಗಿರಲೇ ಇಲ್ಲ. ಅವನು ನಗಲಿಲ್ಲ. ಟೋಪಿ ತೆಗೆದು ಆ ಗಂಟನ್ನು ನೋಡುತ್ತ ನಿಂತ.

ಆಮೇಲೆ ಕೆಳಗಿಳಿದು ಬಂದೆ. ನನ್ನ ಹಳೆಯ ಪ್ಲಾಟಿನಲ್ಲಿ ಈಗ ಯಾರೋ ಹೂವು ಬೆಳೆದಿದ್ದಾರೆ. ಈ ವರ್ಷವೂ ಮಳೆಯಿಲ್ಲ, ಕೆಳಗಿನ ಟ್ಯಾಂಕು ಅರ್ಧಕ್ಕಿಂತ ಕೆಳಗಿತ್ತು. ಬಿದಿರುಕೋಲು ಹಾಗೆಯೇ ನಿಂತಿತ್ತು, ಗುಲಾಬಿ ಗೆರೆ ಅಲ್ಲಲ್ಲಿ ಕಿತ್ತುಬಂದಿತ್ತು. ಅಂದು ಶನಿವಾರ, ಪಾಳಿಯ ದಿನ. ಮೇಲೆ ಸುಜಾತಾ ವಾಲ್ವಿಗೆ ಬಗ್ಗಿದ್ದು ಕಂಡಿತು. ಲಂಡನ್ನಿನಲ್ಲೇ ಹುಟ್ಟಿದ ಹುಡುಗಿ, ಮರಾಠಿಯೇ ಸರಿಯಾಗಿ ಬಾರದು, ಕನ್ನಡದ ಮಾತು ಬಿಡಿ. ವಾಲ್ವು ತಿರುಗಿಸಿ ನೆಟ್ಟಗೆ ನಿಂತು, ಬಾಯಿಗೆ ಎರಡೂ ಕೈ ಹಿಡಿದು, ನೀರು ಬಿಡುವಾಗ ಲೋಕದಲ್ಲಿ ಎಲ್ಲರೂ ಹೀಗೆಯೇ ಕೂಗುತ್ತಾರೆಂಬಂತೆ ಕೂಗಿದಳು:

"ಬಂದಾವೇನ?"

ಪೈಪು ಗುಳುಗುಳು ಎಂದಿತು. ನಾನು ಕೋಲಿನ ಗೆರೆ ನೋಡಿದೆ. ಅವಳು ಇನ್ನೊಮ್ಮೆ ಕೂಗಿದಳು.

"ಬಂದಾವ್ರೀ!" ಎಂದೆ.